ಕಾಳಿನ ಕೋಣೆ

ರೋಹಿಣಿ ಮಳೆ ಇನ್ನೇನು ಬಂತು ಅನ್ನುವ ಹೊತ್ತಿಗೆ ನಮ್ಮ ಮುತ್ಯಾ, ಅವ್ವನ ಅಪ್ಪ ದೌಲಪ್ಪ ತಲೆಗೆ ಸಿಂಬಿ ಸುತ್ತಿ, ಅದರ ಮೇಲೆ ಕರಲು ಮಣ್ಣಿನ ಬುಟ್ಟಿ ಇಟ್ಟುಕೊಂಡು ಕಮಲಾಪುರದ ಓಣಿ ಓಣಿ ತಿರುಗುತ್ತಿದ್ದ. ಒಂದೊಂದು ಬಾಗಿಲ ಮುಂದೆ ನಿಂತು ಅವನು ಕೇಳುತ್ತಿದ್ದುದು ಒಂದೇ ಮಾತು.

“ಮನ್ಯಾಗ ಯಾರರೆ ಬಸರದಾರೇನವಾ?”

ಗಂಡಸು, ಅದೂ ಮುದುಕ, ನಾಲ್ಕು ಜನರ ಎದುರು ಕೇಳುವ ಮಾತೇ ಇದು? ಹೊಸದಾಗಿ ಆ ಊರಿಗೆ ಸೊಸೆಯಾಗಿ ಬಂದವರು ಸೆರಗು ಎಳೆದುಕೊಂಡು ಒಳಗೆ ಓಡುತ್ತಿದ್ದರು. ಊರಲ್ಲೇ ಹಳಬರಾದ ಹೆಂಗಸರು ಮಾತ್ರ ಏಣಿ ತೋರಿಸುತ್ತಿದ್ದರು. ಹೌದು ಅಂದ ಮನೆಯ ಮಾಳಿಗೆಯನ್ನು ಮುತ್ಯಾ ಹತ್ತಿ, ತಂದ ಮಣ್ಣು ಹರಡಿ, ಬಡಿದು, ಒಂದು ತಂಬಿಗೆ ನೀರು ಕುಡಿದು ಇಳಿದು ಹೋಗುತ್ತಿದ್ದ. ಕೂಲಿ ಕೊಡಲು ಹೋದರೆ ಬೈಯುತ್ತಿದ್ದ.

ಅವನಿಗೆ ತಲೆ ಸರಿಯಿಲ್ಲ ಎಂದು ಹೇಳಿದವರೊಂದಿಗೆ ನಾನು ಜಗಳ ಆಡಿದ್ದೇನೆ. ಈಗ ಜಗಳ ಬೇಡ. ಅವನು ಒಂದು ಕೋಣೆ ಕಟ್ಟಿಸಲು ಹೋದ ಕತೆಯನ್ನು ಹೇಳುತ್ತೇನೆ, ನಮ್ಮವ್ವ ಕಸ್ತೂರಿಬಾಯಿ ನನಗೆ ಹೇಳಿದ ಹಾಗೆ.

ನಿಜಾಮ ಸರಕಾರದ ಕಾಲ. ನಮ್ಮ ಕಡೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಕಲ್ಲಿನ ಗೋಡೆ, ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ, ಬೇವಿನ ಸೊಪ್ಪು, ಎಲ್ಲದರ ಮೇಲೆ ದಪ್ಪನೆಯ ಮಣ್ಣು. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಹಳ್ಳದ ದಂಡೆಯ ಕರಲು ಮಣ್ಣು ತಂದು ಹರಡಿ, ಇಲಿ ಇರುವೆ ಕೊರೆದ ತೂತು ಮುಚ್ಚಿದರೆ ಆ ವರ್ಷಕ್ಕೆ ಮನೆ ಒಣಗಿರುತ್ತದೆ. ಬಿಟ್ಟರೆ ನೀರು ಕುಡಿದ ಮಣ್ಣು ಭಾರವಾಗಿ ತೊಲೆಯನ್ನು ಜಗ್ಗುತ್ತದೆ. ಇದು ಚಿಕ್ಕ ಹುಡುಗರಿಗೂ ಗೊತ್ತಿದ್ದ ವಿಷಯ.

ಮುತ್ಯಾ ಕಲಬುರ್ಗಿಯ ಸ್ಟೇಶನ್ ಬಜಾರದ ಒಂದು ಅಡತಿ ಅಂಗಡಿಯಲ್ಲಿ ಜೋಳ, ತೊಗರಿ ತೂಗುವವನು. ಮಲಗುವುದು ಅಂಗಡಿಯ ಕಟ್ಟೆಯ ಮೇಲೆ. ಅಮಾವಾಸ್ಯೆಗೆ ಅಂಗಡಿ ಮುಚ್ಚಿದಾಗ ಒಂದು ಹಗಲಿನ ಗಾಡಿ ದಾರಿ ಸವೆಸಿ ಕಮಲಾಪುರಕ್ಕೆ ಬರುತ್ತಿದ್ದ. ಮನೆಯಲ್ಲಿ ಅವನ ಹೆಂಡತಿ, ನನ್ನ ಆಯಿ ಶಿವಕಾಂತಮ್ಮ. ಅವಳ ಮಕ್ಕಳಲ್ಲಿ ಉಳಿದವಳು ಕಸ್ತೂರಿಬಾಯಿ ಒಬ್ಬಳೇ, ನಮ್ಮವ್ವ. ಮಿಕ್ಕವೆಲ್ಲ ಹುಟ್ಟಿದ ಮೂಲೆಯಲ್ಲೇ ಹೋಗಿದ್ದವು. ದನ ಕಟ್ಟುವ ಜಾಗದ ಪಕ್ಕ, ಹಿಂದಿನ ಗೋಡೆಯ ಬುಡದಲ್ಲಿ, ಹಳೆಯ ಸೀರೆ ಅಡ್ಡ ಕಟ್ಟಿದ ಮೂಲೆ. ಮಳೆಗಾಲದಲ್ಲಿ ಅಲ್ಲಿ ನೆಲ ಬೆವರುತ್ತಿತ್ತು. ಬಾಣಂತಿ ಮೈ ತೊಳೆದ ನೀರು ಹೋಗಲು ದಾರಿಯಿಲ್ಲದೆ ಹಾಸಿಗೆಯ ಕೆಳಗೇ ನಿಲ್ಲುತ್ತಿತ್ತು.

ಅವ್ವನ ಮದುವೆಯಾದ ವರ್ಷವೇ ಆಯಿ ಮುತ್ಯಾನ ಮುಂದೆ ಕಡ್ಡಿ ಮುರಿದ ಹಾಗೆ ಹೇಳಿದಳು.

“ಚೊಚ್ಚಲ ಬಾಣಂತನಕ್ಕ ಮಗಳು ಇಲ್ಲೇ ಬರಾಕಿ. ಆ ಮೂಲ್ಯಾಗ ಆಕಿನ್ನ ಮಲಗಸಂಗಿಲ್ಲ ನಾ. ಒಂದ ಕೋಣಿ ಬೇಕು. ಫರಸಿ ಹಾಸಿದ್ದು, ನೀರ ಹೋಗೂ ಮೋರಿ ಇದ್ದದ್ದು, ಒಂದ ಕಿಡಕಿ ಇದ್ದದ್ದು.”

“ಕಿಡಕಿ ಯಾಕ?” ಎಂದ ಮುತ್ಯಾ.

“ಬೆಳಕಿನ್ಯಾಗ ಮಾರಿ ನೋಡಬೇಕಲ್ಲ ಕೂಸಿಂದು.”

ಮುತ್ಯಾ ಜಿಪುಣ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ನಾನು ಅವನನ್ನು ಜಿಪುಣ ಎನ್ನಲಾರೆ, ಲೆಕ್ಕದವನು ಎನ್ನಬಹುದು. ರೂಪಾಯಿ ಕೂಡಿಡುವುದರಲ್ಲಿ ಅವನಿಗೆ ನಂಬಿಕೆ ಇರಲಿಲ್ಲ. ಕೈಯಲ್ಲಿದ್ದ ರೂಪಾಯಿ ಯಾರದೋ ಜ್ವರಕ್ಕೆ, ಯಾರದೋ ಮದುವೆಗೆ ಹೋಗಿಯೇ ಹೋಗುತ್ತದೆ, ಕಲ್ಲನ್ನು ಸಾಲ ಕೇಳಿಕೊಂಡು ಯಾರೂ ಬರುವುದಿಲ್ಲ ಎನ್ನುತ್ತಿದ್ದ. ಆದ್ದರಿಂದ ಅವನು ಕೂಡಿಟ್ಟದ್ದು ಕೋಣೆಯನ್ನೇ, ತುಂಡು ತುಂಡಾಗಿ. ಪಗಾರ ಮನೆಯ ಊಟಕ್ಕೆ. ತೂಗುವ ಕಾಂಟಾದ ಕೆಳಗೆ ಚೆಲ್ಲಿದ ಕಾಳನ್ನು ಸಂಜೆ ಗುಡಿಸಿಕೊಳ್ಳುವುದು ತೂಗುವವನ ಹಕ್ಕು. ಆ ಕಾಳು ಮಾರಿ ಬಂದದ್ದೆಲ್ಲ ಕೋಣೆಗೆ. ಶಹಾಬಾದಿನಿಂದ ರೈಲಿಗೆ ಬರುವ ಫರಸಿ ಕಲ್ಲುಗಳಲ್ಲಿ ಅಂಚು ಮುರಿದವನ್ನು ಸ್ಟೇಶನ್ನಿನ ಹತ್ತಿರ ಅಗ್ಗಕ್ಕೆ ಬಿಡುತ್ತಿದ್ದರು. ಕಮಲಾಪುರದ ಬಾಳೆಗೊನೆ ಹೊತ್ತು ಬಂದ ಗಾಡಿಗಳು ವಾಪಸು ಖಾಲಿ ಹೋಗುತ್ತಿದ್ದವು. ಗಾಡಿಯ ನಬಿಸಾಬ್ ಅಂಗಡಿಯ ಮುಂದೆ ಎತ್ತು ನಿಲ್ಲಿಸಿ ಕೂಗುತ್ತಿದ್ದ.

“ದೌಲಪ್ಪಣ್ಣಾ, ಗಾಡಿ ಖಾಲಿ ಹೊಂಟದ. ನಿನ್ನ ಮಹಲಿಗೆ ಇವತ್ತೇನು?”

ಒಮ್ಮೆ ಎರಡು ಫರಸಿ, ಒಮ್ಮೆ ಒಂದು ಜಂತಿ, ಒಮ್ಮೆ ಬಾಗಿಲಿನ ಬಿಜಾಗರಿ. ಹಿತ್ತಲಲ್ಲಿ ಎಲ್ಲ ರಾಶಿ ಬೀಳುತ್ತಿತ್ತು. ಮೊದಲು ನೆಲ ಮತ್ತು ಮೋರಿ, ಆಮೇಲೆ ಗೋಡೆ, ಆಮೇಲೆ ಮಾಳಿಗೆ, ಉಳಿದರೆ ಕಿಡಕಿ. ಇದು ಮುತ್ಯಾನ ಅನುಕ್ರಮ. ಆಯಿ ಎಷ್ಟು ಹೇಳಿದರೂ ಕಿಡಕಿ ಒಂದು ಮೆಟ್ಟಿಲೂ ಮೇಲೆ ಹತ್ತಲಿಲ್ಲ.

ಆಯಿ ಬೇರೆ ರೀತಿ ಲೆಕ್ಕ ಹಾಕುವವಳು. ಹಿತ್ತಲಿನ ನೆಲದ ಮೇಲೆ ಒಲೆಯ ಬೂದಿಯಿಂದ ಕೋಣೆಯನ್ನು ಅಳತೆಗೆ ಬರೆದು, ಅದರೊಳಗೆ ಹೊರಸು ಇಟ್ಟು ಮಲಗಿ ನೋಡಿದಳು. ಎದ್ದು, ನೀರೊಲೆಯ ಜಾಗಕ್ಕೆ ನಡೆದು, ಬಾಣಂತಿಯನ್ನು ಕೂಡಿಸಿ ಎರೆಯುವ ಹಾಗೆ ಬಗ್ಗಿ, ಬಾಗಿಲು ಹೊರಸಿಗೆ ಬಡಿಯುತ್ತದೆ ಎಂದು ಕಂಡು ಬಾಗಿಲನ್ನು ಅಳಿಸಿ ಬೇರೆ ಕಡೆ ಬರೆದಳು. ಓಣಿಯವರು ನಕ್ಕರು. ಮನೆ ಕಟ್ಟುವ ಗೌಂಡಿ ಮಕ್ಬೂಲ್ ಅಂದಾಜು ಹೇಳಲು ಬಂದವನು ಮಾತ್ರ ಚಪ್ಪಲಿ ಬಿಟ್ಟು ಆ ಬೂದಿಯ ಗೆರೆಯ ಬಾಗಿಲಿನಿಂದಲೇ ಒಳಗೆ ಹೋದ.

“ನಕ್ಷಾ ಬರೊಬ್ಬರಿ ಅದ, ಬಾಯಿ,” ಎಂದ. ಆಮೇಲೆ ಮುತ್ಯಾನಿಗೆ ಹೇಳಿದ, “ಕೋಣೀಗಿ ಬಾಗಲಾ ಇಡಬೇಕಂದ್ರ ಮನೀ ಹಿಂದಿನ ಗ್ವಾಡಿ ಒಡೀಬೇಕು. ಅದರ ಮ್ಯಾಲ ದೊಡ್ಡ ತೊಲಿ ಕುಂತದ. ಒಮ್ಮಿ ಒಡದ್ರ ನಡಬರಕ ನಿಂದರಬ್ಯಾಡ. ಎಲ್ಲಾ ಸಾಮಾನ ಕೂಡಿದ ಮ್ಯಾಲೇ ನನ್ನ ಕರೀ.”

ಈಗ ನನಗೆ ಸಿಟ್ಟು ಬರುವ ಭಾಗ. ಮನೆಯ ಹೆಣ್ಣುಮಗಳು ಬಸುರಿದ್ದಾಗ ಆ ಮನೆಯಲ್ಲಿ ಗೋಡೆ ಒಡೆಯಬಾರದು, ನೆಲ ಅಗೆಯಬಾರದು, ಹೊಸ್ತಿಲು ಕೂಡಿಸಬಾರದು. ತವರಿಗೂ ಗಂಡನ ಮನೆಗೂ ಇದೇ ಕಟ್ಟುಪಾಡು. ಹಾಗೆಂದು ಬಸುರಾಗುವ ಮೊದಲೇ ಬಾಣಂತಿಗೆಂದು ಕೋಣೆ ಕಟ್ಟಿದರೆ ಹುಟ್ಟದ ಕೂಸಿಗೆ ಕಣ್ಣು ತಾಗುತ್ತದೆ. ಬಸುರಾದ ಮೇಲೆ ಕಟ್ಟುವಂತಿಲ್ಲ, ಆಗುವ ಮೊದಲು ಹೆಸರೆತ್ತುವಂತಿಲ್ಲ. ಈ ನೇಮ ಮಾಡಿದವರು ಯಾರೋ, ಜನ್ಮದಲ್ಲಿ ಒಂದು ಗೋಡೆ ಕಟ್ಟಿಸಿದವರಂತೂ ಅಲ್ಲ. ಮುತ್ಯಾ ಇದಕ್ಕೆ ದಾರಿ ಹುಡುಕಿದ. ಯಾರು ಕೇಳಿದರೂ ಕಾಳಿನ ಕೋಣೆ ಎಂದ. ಜೋಳ ಹಾಕಿಡಲು ಫರಸಿ ಹಾಸಿದ ಕೋಣೆ, ಮೋರಿ ಬೇರೆ! ಊರಿಗೆಲ್ಲ ಅರ್ಥವಾಗಿತ್ತು, ಊರೆಲ್ಲ ಹೂಂ ಅಂದಿತು.

ಸಾಮಾನು ಕೂಡುವ ಹೊತ್ತಿಗೆ ಅವ್ವ ಗಂಡನ ಮನೆಗೆ ಹೋಗಿ ಕೆಲವು ವರ್ಷವಾಗಿತ್ತು, ಬಸುರಾದ ಸುದ್ದಿ ಇನ್ನೂ ಬಂದಿರಲಿಲ್ಲ. ಕೆಲಸ ಹಿಡಿಯುವ ಮೊದಲು ಮುತ್ಯಾ ತಾಜಸುಲ್ತಾನಪುರಕ್ಕೆ, ಬೀಗರ ಮನೆಗೆ ಹೋದ. ಮಗಳು ಬಸುರೇ ಎಂದು ತಂದೆ ಬಾಯಿಬಿಟ್ಟು ಕೇಳುವ ಕಾಲವಲ್ಲ ಅದು. ಪಡಸಾಲೆಯಲ್ಲಿ ಕುಳಿತು, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಅವ್ವನ ಅತ್ತೆ ಭಾಗಮ್ಮನಿಗೆ ಸುತ್ತು ಬಳಸಿ ಕೇಳಿದ.

“ಕಾಳಿನ ಕೋಣಿ ಒಂದ ಕಟ್ಟಸಬೇಕಂತ ಮಾಡೀನ್ರಿ. ನಿಮ್ಮ ಕಡಿಂದ ಏನರೆ ಅಡ್ಡಿ ಅದ ಏನ್ರೀ?”

ಭಾಗಮ್ಮ ಕೆಟ್ಟವಳಲ್ಲ. ಆದರೆ ಅವಳ ಮನೆಯಲ್ಲಿ ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಬಿಡುವ ಪದ್ಧತಿ ಇರಲಿಲ್ಲ, ತವರಿಗೆ ಕೂಡ. ಅವ್ವನಿಗೆ ಆಗ ಮುಟ್ಟು ನಿಂತು ಎರಡನೆಯ ತಿಂಗಳು. ಅಡ್ಡಿ ಇದೆ ಎಂದರೆ ಗುಟ್ಟು ಬಿಟ್ಟಂತೆ. ಕಾಳಿನ ಕೋಣೆ ಎಂದರೆ ಹಿತ್ತಲಲ್ಲೆಲ್ಲೋ ಬೇರೆಯಾಗಿ ಕಟ್ಟುತ್ತಾರೆ, ಮನೆ ಮುಟ್ಟುವುದಿಲ್ಲ ಎಂದು ಅವಳು ತಿಳಿದಳು.

“ನಮಗ್ಯಾತರ ಅಡ್ಡಿರೀ ಬೀಗರ. ಕಟ್ಟಸ್ರಿ,” ಎಂದಳು.

ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಅವ್ವನಿಗೆ ಎಲ್ಲ ಕೇಳಿಸಿತು. ಅತ್ತೆಯ ಮುಂದೆ, ತಂದೆಯ ಮುಂದೆ, ಅಂಥ ಮಾತನ್ನು ಹೇಗೆ ಆಡುವುದು? ಹೊರಡುವಾಗ ಅಪ್ಪನ ಕಾಲು ಮುಟ್ಟಿ ನಮಸ್ಕರಿಸಿದವಳು ಏಳಲು ತಡಮಾಡಿದಳಂತೆ. ಮುತ್ಯಾ ತಲೆ ಸವರಿ, “ಬರ್ತೀನಿ ತಾಯಿ,” ಎಂದು ಹೊರಟುಬಿಟ್ಟ.

ಹೋಳಿ ಹುಣ್ಣಿಮೆ ಮುಗಿದ ಮೇಲೆ ಮಕ್ಬೂಲ್ ಹಿಂದಿನ ಗೋಡೆ ಒಡೆದ. ದೊಡ್ಡ ತೊಲೆಯ ತುದಿಗೆ ಒಂದು ಮರದ ಬೊಡ್ಡೆ ಆನಿಸಿ ನಿಲ್ಲಿಸಿದ. ಕೋಣೆಯ ನೆಲಕ್ಕೆ ಫರಸಿ ಬಿತ್ತು, ಮೋರಿ ಆಯಿತು, ಗೋಡೆಗಳು ಎದೆಯ ಮಟ್ಟಕ್ಕೆ ಬಂದವು. ಆಯಿ ಮೋರಿಗೆ ಕೊಡ ನೀರು ಸುರಿದು, ಅದು ನಿಲ್ಲದೆ ಹೊರಗೆ ಹರಿದದ್ದನ್ನು ನೋಡಿ ಚಪ್ಪಾಳೆ ತಟ್ಟಿದಳು.

ಆಗ ತಾಜಸುಲ್ತಾನಪುರದಿಂದ ಸುದ್ದಿ ಬಂತು. ಅವ್ವನ ಬಸಿರು ಇಳಿದಿತ್ತು. ಬಸುರಿ ಎಂಬುದೂ ಕಳೆದುಕೊಂಡಳು ಎಂಬುದೂ ತವರಿಗೆ ಒಂದೇ ಮಾತಿನಲ್ಲಿ ತಿಳಿಯಿತು.

ಭಾಗಮ್ಮ ತಾನೇ ಗಾಡಿ ಮಾಡಿಕೊಂಡು ಬಂದಳು. ಒಡೆದ ಗೋಡೆಯನ್ನು ನೋಡಿ, ಫರಸಿಯ ಮೇಲೆ ಕುಸಿದು ಕೂತು, ಎದೆ ಎದೆ ಬಡಿದುಕೊಂಡಳು. “ಹೇಳಬೇಕಿತ್ರೀ ನಾ, ಹೇಳಬೇಕಿತ್ತು,” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಮುತ್ಯಾ ಹೊರಗೆ ಹೋದ. ಗೋಡೆ ಒಡೆದದ್ದಕ್ಕೂ ಬಸಿರು ಇಳಿದದ್ದಕ್ಕೂ ಏನು ಸಂಬಂಧ ಎಂದು ನಾನು ಇವತ್ತು ಕೇಳಬಹುದು. ಅವನು ಹೇಗೆ ಕೇಳಿಯಾನು? ತನ್ನ ಮೊಮ್ಮಗುವನ್ನು ಅದರ ಕೋಣೆಗಾಗಿ ತಾನೇ ಕೊಂದೆ ಎಂದು ಅವನು ನಂಬಿಬಿಟ್ಟ.

ಮರುದಿನವೇ ಆ ಬೊಡ್ಡೆ ತೆಗೆದು, ಒಡೆದ ಜಾಗಕ್ಕೆ ಕಲ್ಲು ಮಣ್ಣು ತುಂಬಿ ಮುಚ್ಚಲು ನಿಂತ. ಮಕ್ಬೂಲ್ ಕೈ ಹಿಡಿದುಕೊಂಡ.

“ಅರೇ ದೌಲಪ್ಪಾ, ಹಿಂಗ ಮುಚ್ಚಬ್ಯಾಡೋ. ತೊಲಿ ತುದಿ ಗಟ್ಟಿ ಕುಂದ್ರಸಬೇಕು. ಎರಡ ದಿನದ ಕೆಲಸ.”

“ಸಾಕು ಮಾರಾಯಾ. ಕೈ ಮುಗೀತೀನಿ, ಹೋಗು.”

ಕೋಣೆ ಹಾಗೇ ನಿಂತಿತು, ಎದೆಮಟ್ಟದ ಗೋಡೆ, ಮೇಲೆ ಆಕಾಶ. ಫರಸಿಯ ಸಂದಿಯಲ್ಲಿ ಹುಲ್ಲು ಬಂತು. ಜಂತಿಗಳ ಮೇಲೆ ಕೋಳಿ ಕೂತವು. ಆಯಿ ಬೂದಿ ಎರಚಲು ಕೂಡ ಆ ಕಡೆ ಹೋಗಲಿಲ್ಲ.

ಮತ್ತೆ ಅವ್ವ ಬಸುರಾದಾಗ ಭಾಗಮ್ಮ ತನ್ನ ಮನೆಯ ಪದ್ಧತಿಯನ್ನು ಮುರಿದು ಮೊದಲ ತಿಂಗಳಲ್ಲೇ ಹೇಳಿ ಕಳಿಸಿದಳು, ಗ್ವಾಡಿ ಮುಟ್ಟಬ್ಯಾಡ್ರಿ ಎಂದು. ಹೇಳದಿದ್ದರೂ ಮುತ್ಯಾ ಮುಟ್ಟುತ್ತಿರಲಿಲ್ಲ. ಗೂಟ ಹೊಡೆಯಲು ಬಿಡಲಿಲ್ಲ, ಒಲೆಯ ಕಟ್ಟೆ ಬಿರಿದರೆ ಮೆತ್ತಲು ಬಿಡಲಿಲ್ಲ. ಯುಗಾದಿ ಕಳೆಯಿತು. ಓಣಿಯವರೆಲ್ಲ ಮಾಳಿಗೆಗೆ ಮಣ್ಣು ಹೊತ್ತರು. ಮುತ್ಯಾನ ಮಾಳಿಗೆಗೆ ಬುಟ್ಟಿ ಮಣ್ಣು ಬೀಳಲಿಲ್ಲ.

ಮಕ್ಬೂಲ್ ಬಂದು ಕಟ್ಟೆಯ ಮೇಲೆ ಕೂತ. “ಮಣ್ಣ ಹಾಕೂದು ಕಟ್ಟೂದಲ್ಲೋ. ಮನೀಗಿ ಎಣ್ಣಿ ಹಚ್ಚಿದಂಗ ಅದು. ಹಾಕ್ಸು. ಆ ತೊಲೀಗಿ ಒಂದ ಬೊಡ್ಡಿನೂ ಕೊಡ್ತೀನಿ. ರೊಕ್ಕಾ ಬ್ಯಾಡ ನನಗ.”

“ಬ್ಯಾಡ.”

ಆಯಿ ಒಳಗಿನಿಂದ ಬಂದಳು. ಅವಳಿಗೂ ಮಾಳಿಗೆಯ ಚಿಂತೆ ಹತ್ತಿತ್ತು. “ಮಳಿ ನಿಮ್ಮ ಮಾತ ಕೇಳಿ ನಿಂದರತದೇನ್ರೀ? ಮಣ್ಣಷ್ಟ ಹಾಕಸ್ರಿ.”

ಮುತ್ಯಾ ಹೆಂಡತಿಗೆ ಕೈ ಮುಗಿದನಂತೆ, ಗೌಂಡಿಯ ಎದುರಿಗೇ. “ಇದೊಂದ ಸಲ ನನ್ನ ಮಾತ ನಡಸು. ಕೂಸಿನ ಮಾರಿ ಒಮ್ಮಿ ನೋಡ್ತೀನಿ, ಮರುದಿನಾ ಮನಿ ಕೆಡವಿ ಕಟ್ತೀನಿ.”

ಆಯಿಗೆ ಅವನ ಮೇಲೆ ಅಯ್ಯೋ ಅನಿಸಿತು, ಸೋತಳು. ನನಗೆ ಆಯಿಯ ಮೇಲೆ ಸಿಟ್ಟು ಬರುವುದು ಇದೊಂದು ಕಡೆ. ನಕ್ಷೆ ಬರೆಯುವಾಗ ಯಾರ ನಗುವಿಗೂ ಜಗ್ಗದವಳು ಗಂಡನ ಅಂಜಿಕೆಗೆ ಜಗ್ಗಬಾರದಿತ್ತು.

ಸೀಮಂತದ ಕುಬಸ ಮುಗಿಸಿಕೊಂಡು ಅವ್ವ ತವರಿಗೆ ಬಂದಳು. ಆಯಿ ಅವಳ ಹೊರಸನ್ನು ಬೀದಿಯ ಕಡೆಯ ಪಡಸಾಲೆಗೆ ಹಾಕಿದಳು. ಮಂದಿ ಓಡಾಡುವ ಜಾಗದಲ್ಲಿ ಬಾಣಂತಿಯೇ ಎಂದು ಕೇಳಿದವರಿಗೆ, “ಗಾಳಿ ಬರ್ತದವಾ,” ಎಂದು ಹೇಳಿ ಬಾಯಿ ಮುಚ್ಚಿಸಿದಳು. ಹಿಂದಿನ ಗೋಡೆಯ ಹತ್ತಿರ ಸೋರುವ ಕಡೆಗೆಲ್ಲ ಪಾತ್ರೆ ಇಟ್ಟು, ಅಲ್ಲೇ ಇದ್ದ ನೀರೊಲೆಯ ಕೆಲಸವನ್ನೆಲ್ಲ ತಾನೇ ಇಟ್ಟುಕೊಂಡಳು. ಬೇರೆ ಯಾರನ್ನೂ ಆ ಕಡೆ ಕಳಿಸುತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು ಎಂದೇ ನಾನು ತಿಳಿದಿದ್ದೇನೆ.

ಶ್ರಾವಣದಲ್ಲಿ ನಾನು ಹುಟ್ಟಿದೆ. ಸೂಲಗಿತ್ತಿ ಮಸ್ತಾನಬಿ ನನ್ನನ್ನು ಬಾಗಿಲಿನ ಬೆಳಕಿಗೆ ಹಿಡಿದು, “ನೋಡ್ರಿ ಮುತ್ಯಾ, ಮಾರಿ ನೋಡ್ರಿ,” ಎಂದಳಂತೆ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ದೊಡ್ಡ ಮಳೆ ಬಂದರೆ ಮಾಳಿಗೆಯ ನೀರು ಅಂಚಿನ ದೋಣಿ ತೂಬಿನಿಂದ ಹೊರಗೆ ಹಾರಿ ಹೋಗುತ್ತದೆ. ಈ ಮಳೆ ಹಾಗಲ್ಲ, ಕೂತು ಇಂಗುವ ಮಳೆ. ಮುತ್ಯಾ ಅಂಗಡಿಗೆ ಹೋಗದೆ ಉಳಿದುಕೊಂಡಿದ್ದ. ಮಳೆ ಹೊಳವಾದ ಕೂಡಲೇ ಮಣ್ಣು ತರಬೇಕೆಂದು ಬುಟ್ಟಿಯನ್ನೂ ಹುಡುಕಿ ಇಟ್ಟುಕೊಂಡಿದ್ದ. ಮಳೆ ಹೊಳವಾಗಲಿಲ್ಲ.

ಒಂದು ಮುಂಜಾನೆ ಆಯಿ ಬಾಣಂತಿಯ ಎರೆಯುವ ನೀರಿಗೆ ಉರಿ ಹಾಕುತ್ತಿದ್ದಳು. ಮುತ್ಯಾ ಬಾವಿಯಿಂದ ಕೊಡ ಹೊತ್ತು ಓಣಿಯ ತಿರುವಿನಲ್ಲಿ ಬರುತ್ತಿದ್ದ. ಮಾಳಿಗೆ ಬಿದ್ದ ಸದ್ದು ಅವನಿಗೆ ಅಲ್ಲಿಗೇ ಕೇಳಿಸಿತು. ಹಿಂದಿನ ಗೋಡೆಯಲ್ಲಿ ಅವನು ಅವಸರದಿಂದ ತುಂಬಿದ್ದ ಕಲ್ಲು ಜಾರಿ, ತೊಲೆಯ ತುದಿ ಕಳಚಿ, ನೀರು ಕುಡಿದ ಮಾಳಿಗೆ ಹಿಂಭಾಗ ಪೂರ್ತಿ ಕೂತುಬಿಟ್ಟಿತ್ತು. ಪಡಸಾಲೆಯ ಕಡೆ ಒಂದು ಕಲ್ಲೂ ಬಿದ್ದಿರಲಿಲ್ಲ. ಅವ್ವ ಧೂಳಿನಲ್ಲಿ ನನ್ನನ್ನು ಅವುಚಿಕೊಂಡು ಕೂಗುತ್ತಿದ್ದಳು. ಮುತ್ಯಾ ಬರಿಗೈಯಿಂದ ಮಣ್ಣು ತೋಡಿದ. ಓಣಿಯೆಲ್ಲ ತೋಡಿತು. ಮಕ್ಬೂಲ್ ಬಂದು ತೊಲೆ ಎತ್ತಿಸಿದ ಮೇಲೆ ಆಯಿ ಸಿಕ್ಕಳು, ಊದುಕೊಳವೆ ಇನ್ನೂ ಕೈಯಲ್ಲೇ ಇತ್ತು.

ಆಯಿಗೆ ಮಣ್ಣು ಕೊಟ್ಟು ಬಂದ ಮೇಲೆ ಬಾಣಂತಿಯನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆ ಬಂತು. ಉಳಿದ ಅರ್ಧ ಮನೆಯನ್ನು ಯಾರೂ ನಂಬಲಿಲ್ಲ. ಮಕ್ಬೂಲ್ ಯಾರನ್ನೂ ಕೇಳದೆ ಕಾಳಿನ ಕೋಣೆಯ ಹುಲ್ಲು ಕೀಳಿಸಿದ. ನೆಲ ಗಟ್ಟಿಯಾಗಿತ್ತು, ನೀರು ಎಲ್ಲಿಯೂ ನಿಂತಿರಲಿಲ್ಲ. ಬಿದ್ದ ಮನೆಯ ಕಲ್ಲನ್ನೇ ಎದೆಮಟ್ಟದ ಗೋಡೆಯ ಮೇಲೆ ಏರಿಸತೊಡಗಿದ. ಒಂದು ಗೂಟ ಹೊಡೆಯಲು ಬಿಡದಿದ್ದ ಮುತ್ಯಾ ಸೊಂಟಕ್ಕೆ ಬಟ್ಟೆ ಬಿಗಿದು ಕಲ್ಲು ಹೊತ್ತು ಕೊಟ್ಟ. ಗೋಡೆ ಭುಜದ ಎತ್ತರಕ್ಕೆ ಬಂದಾಗ ಮಕ್ಬೂಲ್ ಕೆಲಸ ನಿಲ್ಲಿಸಿದ.

“ದೌಲಪ್ಪಾ, ಕಿಡಕಿ ಬಿಡಬೇಕೇನು?”

ಮುತ್ಯಾ ಹೊತ್ತ ಕಲ್ಲನ್ನು ಇಳಿಸಲಿಲ್ಲ. “ಬಿಡು. ದೊಡ್ಡದ ಬಿಡು,” ಎಂದು ಅಳತೊಡಗಿದ. ಅಲ್ಲಿಯವರೆಗೆ ಅವನು ಅತ್ತಿರಲಿಲ್ಲ.

ಹಿತ್ತಲಲ್ಲಿದ್ದ ಜಂತಿ ಹಾಕಿ ಮಾಳಿಗೆ ಮುಚ್ಚಿದ ಮೇಲೆ ಆ ಕೋಣೆಯಲ್ಲಿ ನನ್ನವ್ವನ ಬಾಣಂತನ ನಡೆಯಿತು. ಬಾಗಿಲು ಹೊರಸಿಗೆ ಬಡಿಯಲಿಲ್ಲ. ಎರೆದ ನೀರು ಒಂದು ಹನಿ ನಿಲ್ಲದೆ ಮೋರಿಯಿಂದ ಹೊರಗೆ ಹೋಯಿತು. ನಾನು ಕಿಡಕಿಯ ಬೆಳಕಿನಲ್ಲಿ ಮಲಗಿ ಕೈಕಾಲು ಆಡಿಸಿದೆ. ಎಲ್ಲ ಆಯಿ ಬೂದಿಯಲ್ಲಿ ಬರೆದ ಹಾಗೇ ಇತ್ತು, ಅವಳು ಇರಲಿಲ್ಲ.

ಮುತ್ಯಾ ಆ ಕೋಣೆಯೊಳಗೆ ಎಂದೂ ಮಲಗಲಿಲ್ಲ. ಅಂಗಡಿಯ ಕೆಲಸ ಬಿಟ್ಟ. ಮುಂದಿನ ರೋಹಿಣಿ ಮಳೆಗೆ ಮುಂಚೆ ಬುಟ್ಟಿ ಹೊತ್ತು ಓಣಿಗೆ ಇಳಿದ. ಜನ ಮೊದಮೊದಲು ಅಂಜಿದರು, ಬಸುರಿ ಇರುವ ಮನೆಯನ್ನು ಮುಟ್ಟಬಾರದು ಎಂದರು. “ಬಸರಿದ್ದ ಮನೀಗೇ ಮೊದಲ ಮಣ್ಣ ಹಾಕಬೇಕು. ನನ್ನ ಮನಿ ನೋಡ್ರಿ,” ಎನ್ನುತ್ತಿದ್ದ. ಆಮೇಲೆ ಅವರೇ ಏಣಿ ತಂದು ಇಡುತ್ತಿದ್ದರು.

ನಾನು ಚೊಚ್ಚಲ ಬಾಣಂತನಕ್ಕೆ ಅದೇ ಕೋಣೆಗೆ ಬಂದಾಗ ಮುತ್ಯಾನಿಗೆ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ. ಮಣ್ಣು ಹಾಕಲು ಆಳು ಗೊತ್ತು ಮಾಡಿದ್ದೇವೆ ಎಂದು ಅವ್ವ ಎಷ್ಟು ಹೇಳಿದರೂ ಕೇಳದೆ ಏಣಿ ಹತ್ತಿದ. ಮಡಿಲ ತುಂಬ ಬಸಿರು ಹೊತ್ತು ನಾನು ಕಿಡಕಿಯ ಕೆಳಗೆ ಕೂತಿದ್ದೆ. ಮೇಲೆ ಮಣ್ಣು ಬಡಿಯುವ ಸದ್ದು ನಿಧಾನವಾಗಿ ಈ ತುದಿಯಿಂದ ಆ ತುದಿಗೆ ಹೋಯಿತು, ಆಮೇಲೆ ನಿಂತಿತು. ಇಳಿಯುತ್ತಾನೆ ಎಂದು ಕಾದೆ. ಅವನು ಇಳಿಯಲಿಲ್ಲ.

ಗಂಡ ಹೆಂಡತಿಯ ಹೆಸರು ಹಿಡಿಯದ ಕಾಲದವನು ಅವನು. ಆಯಿಯನ್ನು ಅವನು ಹೆಸರಿನಿಂದ ಕರೆದದ್ದನ್ನು ಅವ್ವ ಕೂಡ ಕೇಳಿರಲಿಲ್ಲ. ಆ ದಿನ ಮಾಳಿಗೆಯ ಮೇಲಿನಿಂದ ಅವನ ದನಿ ಕಿಡಕಿಯಲ್ಲಿ ಸ್ಪಷ್ಟವಾಗಿ ಇಳಿದು ಬಂತು.

“ಶಿವಕಾಂತಾ, ಹಾಕೀನ ನೋಡು. ಈ ಸಲ ಹಾಕೀನಿ.”

ಅವ್ವ ಹೊರಗೆ ಹೋಗಿ ಏಣಿ ಹಿಡಿದು ನಿಂತಳು.